ಬಂಡೆ ತಟ್ಟಿ ನೋಡುತ್ತಿದ್ದ ಮಾವ

ನಮ್ಮ ಮಾವ 38 ವರ್ಷ ನೆಲದ ಕೆಳಗೆ ಕೆಲಸ ಮಾಡಿದವರು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಟಿಂಬರ್‌ಮನ್ ಆಗಿದ್ದರು. ಅವರ ಮಾತು ಬಂದಾಗಲೆಲ್ಲ ನೆಂಟರು, ಅಕ್ಕಪಕ್ಕದವರು ಹೇಳೋದು ಒಂದೇ. "ಪಾಪ, ಹೆಂಡ್ತಿ ಮಕ್ಕಳಿಗೋಸ್ಕರ ಜೀವ ತೇದ್ರು." ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ನನಗೆ ಮಾತ್ರ ಆ 'ಪಾಪ' ಹಿಡಿಸಲ್ಲ. ಸಂಸಾರಕ್ಕೆ ದುಡಿದರು, ನಿಜ. ಯಾರು ದುಡಿಯಲ್ಲ ಹೇಳಿ? ಆದರೆ ಮಾವನಿಗೆ ಆ ಕೆಲಸ ಇಷ್ಟವಿತ್ತು. ಅದರಲ್ಲಿ ಅವರದ್ದು ಎತ್ತಿದ ಕೈ, ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಅದನ್ನೆಲ್ಲ ಬಿಟ್ಟು ಬರೀ ತ್ಯಾಗದ ಕಥೆ ಹೇಳಿದರೆ ಮಾವ ಅದರಲ್ಲಿ ಅರ್ಧವೂ ಸಿಗಲ್ಲ.

ನಾನು ಮಾಲೂರು ಕಡೆಯವನು. ನಮ್ಮೂರಿಂದ ಕೆಜಿಎಫ್ ದೂರವೇನಲ್ಲ. ಆದರೂ ನಾನು ಚಿಕ್ಕವನಿದ್ದಾಗ ನಮ್ಮಜ್ಜಿ "ಗಣಿಯೋರು" ಅನ್ನುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ನಮ್ಮ ಕಡೆಯ ರೈತರಲ್ಲಿ ಹೆಚ್ಚಿನವರು ರಾಗಿ, ರೇಷ್ಮೆ, ಸೀಮೆಹಸು ಅಂತ ಮೇಲಿನ ಮಣ್ಣನ್ನೇ ನಂಬಿಕೊಂಡು ಉಳಿದರು. ಕೆಳಗೆ ಇಳಿಯೋಕೆ ಹೆಚ್ಚಾಗಿ ಹೊರಗಿನ ಜನವೇ ಬಂದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಕುಟುಂಬಕ್ಕೆ ಕುಟುಂಬವೇ ಬಂತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು, ಇಟಲಿಯಿಂದ ಒಂದಷ್ಟು ಜನ, ಕಾವಲಿಗೆ ಪಂಜಾಬಿಗಳು. ಬೇರೆ ಬೇರೆ ಊರಿನವರೇ ಸೇರಿ ಅದೊಂದು ಊರಾಯಿತು.

ಬಂದ ಕೂಲಿಗಳಲ್ಲಿ ಬಹಳಷ್ಟು ಜನ ಊರಲ್ಲಿ ಜಮೀನಿಲ್ಲದ ದಲಿತರು. ಕತ್ತಲಲ್ಲಿ ಕಲ್ಲು ಒಡೆಯೋದು ಸುಖದ ಕೆಲಸ ಅಂತ ಯಾರೂ ಬರಲಿಲ್ಲ. ಸಂಬಳ ಕೈಗೆ ಬರುತ್ತಿತ್ತು, ಊರಿನ ಯಜಮಾನರ ಮುಂದೆ ಕೈಕಟ್ಟಿ ನಿಲ್ಲೋದು ತಪ್ಪುತ್ತಿತ್ತು. ಇಲ್ಲಿ ದೊರೆಗಳ ಮುಂದೆ ನಿಲ್ಲಬೇಕಿತ್ತು, ಅದು ಬೇರೆ ಮಾತು. ಆದರೆ ತಲೆ ಎತ್ತೋದನ್ನೂ ಈ ಜನ ಬೇಗ ಕಲಿತರು. ಮಾರಿಕುಪ್ಪಂನಲ್ಲಿ 20ನೇ ಶತಮಾನದ ಶುರುವಿನಲ್ಲೇ ಬೌದ್ಧ ಸಂಘ ಇತ್ತು. 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಕಾರ್ಮಿಕರು ಮುಷ್ಕರ ಹೂಡಿದರು. 1954ರಲ್ಲಿ ಅಂಬೇಡ್ಕರ್ ಇಲ್ಲಿಗೆ ಬಂದಿದ್ದರು. ಮಾವನ ಮನೆಯ ಗೋಡೆ ಮೇಲೆ ಅಂಬೇಡ್ಕರ್ ಫೋಟೋ ಇತ್ತು, ಪಕ್ಕದಲ್ಲೇ ಮುರುಗನ್ ಫೋಟೋ. ಎರಡಕ್ಕೂ ಒಂದೇ ಹೂವಿನ ಸರ, ಉದ್ದಕ್ಕೆ ಎಳೆದು ಹಾಕುತ್ತಿದ್ದರು.

ಮಾವ ಬಂದಿದ್ದು 1963ರಲ್ಲಿ, 19ನೇ ವಯಸ್ಸಿಗೆ. ಊರು ಗುಡಿಯಾತ್ತಂ ಹತ್ತಿರ. ಅಕ್ಕನ ಗಂಡ ಆಗಲೇ ಗಣಿಯಲ್ಲಿದ್ದರು. "ನನ್ ಜೊತೆ ಬಾ, ನಾನ್ ನೋಡ್ಕೊಂತೀನಿ" ಅಂದರಂತೆ, ಇವರು ಹೊರಟರು. ಜೋಲಾರಪೇಟೆ ದಾಟಿ ಬಂಗಾರಪೇಟೆಗೆ ರೈಲು. ಅಲ್ಲಿಂದ ಮಾರಿಕುಪ್ಪಂಗೆ ಹೋಗುವ ಚಿಕ್ಕ ಲೈನು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಅಷ್ಟು ಹೊತ್ತಿಗೆ ಗಣಿ ಬ್ರಿಟಿಷರ ಕೈಬಿಟ್ಟಿತ್ತು. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತ್ತು, 1962ರ ಕೊನೆಗೆ ಕೇಂದ್ರ ಸರ್ಕಾರ. ಮಾವನಿಗೆ ಇದೆಲ್ಲ ಆಮೇಲೆ ಗೊತ್ತಾಗಿದ್ದು. ಅವತ್ತು ಅವರ ಕಣ್ಣಿಗೆ ಬಿದ್ದದ್ದು ಎಲೆಕ್ಟ್ರಿಕ್ ದೀಪ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂದಿತ್ತಲ್ವಾ, ಇವರ ಹಳ್ಳಿಯಲ್ಲಿ 1963ರಲ್ಲೂ ಬುಡ್ಡಿದೀಪ.

ಟಿಂಬರ್‌ಮನ್ ಕೆಲಸ ಏನು ಅಂತ ನನಗೆ ಮದುವೆಗೆ ಮುಂಚೆ ಗೊತ್ತಿರಲಿಲ್ಲ. ಮರ ಕಡಿಯೋರು ಅಂದುಕೊಂಡಿದ್ದೆ! ನಾನೂ ನನ್ನ ಹೆಂಡತಿಯೂ ಬೆಂಗಳೂರಿನ ಕೆಲಸಕ್ಕೆ ಒಂದೇ ರೈಲಿನಲ್ಲಿ ಓಡಾಡುತ್ತಿದ್ದವರು, ಅಲ್ಲೇ ಪರಿಚಯ. ಜಾತಿ ಬೇರೆ, ಭಾಷೆ ಬೇರೆ. ಎರಡೂ ಮನೆಯಲ್ಲಿ ಒಂದಷ್ಟು ದಿನ ಮುಖ ಊದಿಸಿಕೊಂಡು ಆಮೇಲೆ ಸರಿಹೋದರು. ಮಾತುಕತೆಗೆ ಅಂತ ಮಾವ ನಮ್ಮ ಹಳ್ಳಿ ಮನೆಗೆ ಬಂದರು. ನಮ್ಮಪ್ಪ ಬಿಗಿಯಾಗಿ ಕೂತಿದ್ದರು. ಮಾವ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಯಾರ ಮುಖವನ್ನೂ ನೋಡಲಿಲ್ಲ. ನೇರವಾಗಿ ಮಾಡು ನೋಡಿದರು. ನಮ್ಮದು ಹಳೇ ಕಾಲದ ಮಣ್ಣಿನ ಮಾಳಿಗೆ. ತೊಲೆ, ಜಂತೆ, ಮೇಲೆ ಮಣ್ಣು. ಒಂದು ಮೂಲೆಯಲ್ಲಿ ತೊಲೆ ಸ್ವಲ್ಪ ಬಾಗಿತ್ತು.

"ಇದು ಹೊನ್ನೆನಾ ಸಾರ್?" ಅಂತ ಕೇಳಿದರು. ಅವರ ಕನ್ನಡದಲ್ಲಿ ತಮಿಳಿನ ಎಳೆ ಕೊನೆಯವರೆಗೂ ಹೋಗಲಿಲ್ಲ.

"ಹೌದು, ನಮ್ಮ ತಾತನ ಕಾಲದ್ದು" ಅಂದರು ಅಪ್ಪ.

"ಮರ ಚೆನ್ನಾಗಿದೆ. ಮೇಲೆ ಮಣ್ಣು ಜಾಸ್ತಿ ಆಗಿದೆ. ಮಳೆಗಾಲಕ್ಕೆ ಮುಂಚೆ ಅರ್ಧ ತೆಗೆಸಿ."

ಅಲ್ಲಿಂದ ಇಬ್ಬರೂ ತೊಲೆ, ಗೆದ್ದಲು, ಬೇವಿನ ಮರ ಅಂತ ಮಾತಿಗಿಳಿದರು. ಕಾಫಿ ಆರಿತು. ಹುಡುಗ ಎಷ್ಟು ಸಂಪಾದಿಸುತ್ತಾನೆ, ಹುಡುಗಿ ಏನು ಓದಿದ್ದಾಳೆ ಅಂತ ಯಾರೂ ಕೇಳಲಿಲ್ಲ. ಹೊರಡುವಾಗ ಅಪ್ಪ ನನ್ನ ಹತ್ತಿರ ಬಂದು "ಮನುಷ್ಯ ಗಟ್ಟಿ ಇದ್ದಾನೆ ಕಣೋ" ಅಂದರು. ಮೇಲಿನ ಮಣ್ಣನ್ನು ಆ ಬೇಸಿಗೆಯಲ್ಲೇ ತೆಗೆಸಿದರು.

ಗಣಿಯೊಳಗೆ ಟಿಂಬರ್‌ಮನ್ ಮಾಡೋದೂ ಇದೇ ಕೆಲಸ, ಮಾಡು ಬೀಳದ ಹಾಗೆ ನೋಡಿಕೊಳ್ಳೋದು. ಅದಿರು ತೆಗೆದ ಕಡೆ ಪೊಳ್ಳು ಉಳಿಯುತ್ತೆ. ಅದರ ಮೇಲೆ ಕಿಲೋಮೀಟರ್‌ಗಟ್ಟಲೆ ಬಂಡೆ ಕೂತಿರುತ್ತೆ. ಅಲ್ಲಿ ಮರದ ಕಂಬ ನಿಲ್ಲಿಸಬೇಕು, ಬೆಣೆ ಹೊಡೆದು ಬಿಗಿ ಮಾಡಬೇಕು. ಆಳ ಹೆಚ್ಚಾದ ಕಡೆ ಬರೀ ಮರ ಸಾಲಲ್ಲ, ಸೈಜುಗಲ್ಲುಗಳನ್ನು ಗೋಡೆ ಥರ ಒತ್ತಾಗಿ ಜೋಡಿಸಿ ಮೇಲಿನ ಬಂಡೆಗೆ ಆನಿಸುತ್ತಿದ್ದರು. ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳ ಹೋಗಿತ್ತು, ಜಗತ್ತಿನ ತೀರಾ ಆಳದ ಗಣಿಗಳಲ್ಲಿ ಒಂದು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಒಂದೇ ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಅಲ್ಲಿಗೆ ಹೋಗೋಕಾಗಲ್ಲ. ಒಂದು ಶಾಫ್ಟ್ ಇಳಿದು, ಒಳಗೇ ನಡೆದು, ಇನ್ನೊಂದು ಇಳಿದು ಹೋಗಬೇಕು.

ಕೆಲಸ ಶುರು ಮಾಡುವ ಮೊದಲು ಕಬ್ಬಿಣದ ಸಲಾಕೆಯಿಂದ ಮಾಡನ್ನು ತಟ್ಟಿ ನೋಡೋದು ಪದ್ಧತಿ. ಗಟ್ಟಿ ಬಂಡೆಯಾದರೆ ಟಣ್ ಅನ್ನುತ್ತೆ. ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತೆ. ಮಾವ ನನಗೆ ಇದನ್ನು ತೋರಿಸಿಕೊಟ್ಟಿದ್ದು ನಮ್ಮ ಬಂಗಾರಪೇಟೆ ಮನೆ ಕಟ್ಟುವಾಗ. ಹೊಸದಾಗಿ ಪ್ಲಾಸ್ಟರ್ ಆದ ಗೋಡೆಗೆ ಕಿವಿ ಕೊಟ್ಟು ಬೆರಳ ಗೆಣ್ಣಿನಿಂದ ತಟ್ಟುತ್ತಾ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದರು. ಕಿಟಕಿ ಪಕ್ಕ ನಿಂತರು. ಮತ್ತೆ ತಟ್ಟಿದರು. ಜೇಬಿನಿಂದ ಸೀಮೆಸುಣ್ಣ ತೆಗೆದು ದೊಡ್ಡದಾಗಿ ಒಂದು ಸುತ್ತು ಬರೆದರು. ಸೀಮೆಸುಣ್ಣ ಇಟ್ಟುಕೊಂಡೇ ಬಂದಿದ್ದರು! ಮೇಸ್ತ್ರಿ ಗೊಣಗಾಡುತ್ತಲೇ ಒಡೆದು ನೋಡಿದ. ಅಷ್ಟಗಲ ಪ್ಲಾಸ್ಟರ್ ಇಟ್ಟಿಗೆಗೆ ಹಿಡಿದೇ ಇರಲಿಲ್ಲ. ಆಮೇಲೆ ಮನೆ ಮುಗಿಯೋವರೆಗೂ ಮೇಸ್ತ್ರಿ ಮಾವ ಬಂದರೆ ಬೀಡಿ ಬಿಸಾಕಿ ಎದ್ದು ನಿಲ್ಲುತ್ತಿದ್ದ.

ಕಬ್ಬಿಣದ ತೊಲೆ ಹಾಕಬಹುದಿತ್ತಲ್ವಾ, ಮರ ಯಾಕೆ ಅಂತ ಒಮ್ಮೆ ಕೇಳಿದೆ. "ಮರ ಹೇಳಿ ಮುರಿಯುತ್ತೆ ಮಾಪ್ಳೆ" ಅಂದರು. "ಭಾರ ಜಾಸ್ತಿಯಾದ್ರೆ ಮೊದ್ಲು ಕಿರ್ ಅನ್ನುತ್ತೆ, ನಾರು ಎದ್ದೇಳುತ್ತೆ. ಓಡೋಕೆ ಟೈಮ್ ಕೊಡುತ್ತೆ. ಕಬ್ಬಿಣ ಏನೂ ಹೇಳಲ್ಲ." ಇದನ್ನು ಹೇಳುವಾಗಿನ ಅವರ ಮುಖ ನೋಡಬೇಕಿತ್ತು ನೀವು. ಕಷ್ಟ ತೋಡಿಕೊಳ್ಳುವವರ ಮುಖವಲ್ಲ ಅದು.

ಎಲ್ಲದಕ್ಕೂ ಓಡೋಕೆ ಟೈಮ್ ಇರುತ್ತಿರಲಿಲ್ಲ, ಅದೂ ನಿಜ. ಅಷ್ಟು ಆಳದಲ್ಲಿ ಬಂಡೆ ಒತ್ತಡ ತಡೆಯದೆ ಒಮ್ಮೆಲೇ ಸಿಡಿಯುತ್ತದೆ. ಅದಕ್ಕೆ ರಾಕ್‌ಬರ್ಸ್ಟ್ ಅನ್ನುತ್ತಾರೆ. ಮೇಲೆ ಮನೆಗಳಲ್ಲಿ ಪಾತ್ರೆ ಅಲ್ಲಾಡುತ್ತಿತ್ತು. ಅತ್ತೆ ಹೇಳುತ್ತಾರೆ, ಪಾತ್ರೆ ಅಲ್ಲಾಡಿದರೆ ಲೈನಿನ, ಅಂದರೆ ಕಾರ್ಮಿಕರ ಸಾಲುಮನೆಗಳ, ಹೆಂಗಸರೆಲ್ಲ ಹೊರಗೆ ಬಂದು, ಯಾವ ಶಿಫ್ಟಿನಲ್ಲಿ ಯಾರು ಇಳಿದಿದ್ದಾರೆ ಅಂತ ಲೆಕ್ಕ ಹಾಕುತ್ತಿದ್ದರಂತೆ. ಮಾವನ ಗ್ಯಾಂಗಿನಲ್ಲೂ ಒಬ್ಬರು ಹೋದರು. ಅವರ ಬಗ್ಗೆ ಮಾವ ನನ್ನ ಹತ್ತಿರ ಒಂದೇ ಒಂದು ಸಲ ಮಾತಾಡಿದ್ದು, ಅದೂ ಅರ್ಧಕ್ಕೆ ನಿಲ್ಲಿಸಿದರು. ನಾನೂ ಕೆದಕಲಿಲ್ಲ.

ಒಂದು ವಿಷಯ ಮಾತ್ರ ಬೇಕು ಬೇಕಂತಲೇ ಹೇಳುತ್ತಿದ್ದರು. ಅದೇ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್‌ನ ವಿಜ್ಞಾನಿಗಳು ಯಂತ್ರ ಇಟ್ಟಿದ್ದರು. ಜಪಾನ್, ಇಂಗ್ಲೆಂಡ್‌ನವರೂ ಜೊತೆಗಿದ್ದರು. 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನುವ ಕಣದ ಗುರುತು ಅಲ್ಲೇ ಸಿಕ್ಕಿತು. ಬೇರೆ ಕಣಗಳನ್ನು ಮೇಲಿನ ಬಂಡೆಯೇ ತಡೆದುಬಿಡುತ್ತೆ, ಅದಕ್ಕೇ ಅಷ್ಟು ಆಳಕ್ಕೆ ಹೋಗಿದ್ದು. ಮಾವ ಅವರನ್ನು ಕೇಜ್ ಹತ್ತಿರ ನೋಡಿದ್ದರಂತೆ. "ದೊಡ್ಡ ದೊಡ್ಡ ಓದು ಓದಿದೋರು. ಕೆಳಗೆ ಬಂದ್ಮೇಲೆ ಅವರೂ ನಮ್ಮ ಹಾಗೇ ಮಾಡು ನೋಡೋರು" ಅಂತ ನಗುತ್ತಿದ್ದರು.

ಇನ್ನು ಮನೆ. ಕಂಪನಿಯ ಲೈನ್ ಮನೆ ಅಂದರೆ ಒಂದು ಕೋಣೆ, ಅಡುಗೆಗೆ ಒಂದು ಚೂರು ಜಾಗ, ಮುಂದೆ ತಟ್ಟಿ ಕಟ್ಟಿ ಹಿಗ್ಗಿಸಿಕೊಂಡ ಜಗುಲಿ. ಮಾವನನ್ನು ಕರೆತಂದ ಅಕ್ಕನ ಗಂಡ ಐವತ್ತು ತುಂಬುವ ಮೊದಲೇ ಎದೆ ಕೆಟ್ಟು ಹೋದರು. ಅಕ್ಕ, ಅವರ ಮೂರು ಮಕ್ಕಳು ಇವರ ಮನೆಗೇ ಬಂದರು. ಇವರದ್ದೂ ಮೂವರು ಮಕ್ಕಳು. ಅಷ್ಟು ಜನ ಆ ಒಂದು ಕೋಣೆಯಲ್ಲಿ ಹೇಗೆ ಮಲಗುತ್ತಿದ್ದಿರಿ ಅಂತ ನನ್ನ ಹೆಂಡತಿಯನ್ನು ಕೇಳಿದೆ. ಶಿಫ್ಟ್ ಇತ್ತಲ್ಲ ಅಂದಳು. ಅಪ್ಪ ರಾತ್ರಿ ಪಾಳಿಯಾದರೆ ಅವರ ಚಾಪೆ ಮಕ್ಕಳಿಗೆ. ಬೆಳಿಗ್ಗೆ ಅವರು ಬರೋ ಹೊತ್ತಿಗೆ ಮಕ್ಕಳು ಶಾಲೆಗೆ, ಮಕ್ಕಳ ಜಾಗ ಅವರಿಗೆ. ಕಷ್ಟ ಬರುತ್ತಿದ್ದದ್ದು ಭಾನುವಾರ ಮಾತ್ರವಂತೆ. ಎಲ್ಲರೂ ಮನೆಯಲ್ಲೇ!

ಅಕ್ಕನ ಮಕ್ಕಳು, ತನ್ನ ಮಕ್ಕಳು ಅಂತ ಮಾವ ಭೇದ ಮಾಡಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮಾಡುತ್ತಿದ್ದರು ಅನ್ನುತ್ತಾಳೆ ನನ್ನ ಹೆಂಡತಿ. ಅಕ್ಕನ ಮಕ್ಕಳಿಗೆ ಯಾವತ್ತೂ ಹೊಡೆಯುತ್ತಿರಲಿಲ್ಲ, ಇವರಿಗೆ ಮಾತ್ರ ಬೀಳುತ್ತಿತ್ತಂತೆ. ಈಗಲೂ ಅವಳಿಗೆ ಆ ಸಿಟ್ಟಿದೆ.

ಮಕ್ಕಳನ್ನು ಕನ್ನಡ ಮೀಡಿಯಂಗೆ ಸೇರಿಸಿದ್ದು ಮಾವನೇ. ಲೈನಿನಲ್ಲಿ ಹೆಚ್ಚಿನವರು ತಮಿಳು ಶಾಲೆಗೆ ಹಾಕುತ್ತಿದ್ದರು. ಮನೆಯವರೂ ಬೇಡ ಅಂದರಂತೆ. "ತಮಿಳು ಮನೇಲಿ ಇದೆ, ಎಲ್ಲಿಗೂ ಓಡಿ ಹೋಗಲ್ಲ. ಬದುಕೋದು ಈ ಸರ್ಕಾರದ ಕೆಳಗೆ ತಾನೆ?" ಇಷ್ಟೇ ಅವರ ವಾದ. 1991ರಲ್ಲಿ ಕಾವೇರಿ ಗಲಾಟೆ ಆದಾಗ ಬೆಂಗಳೂರಿಂದ ಬರುವ ಸುದ್ದಿ ಕೇಳಿ ಲೈನಿನವರು ಹೆದರಿದ್ದರು. ಮಾವ ಆಗಲೂ ಮಕ್ಕಳನ್ನು ಶಾಲೆ ಬಿಡಿಸಲಿಲ್ಲ. ಇದನ್ನು ಭಾಷಾಭಿಮಾನ ಅಂತ ನಾನು ಬಣ್ಣ ಹಚ್ಚಲ್ಲ. ಭಾರ ಎಲ್ಲಿ ಬೀಳುತ್ತೆ, ಕಂಬ ಎಲ್ಲಿ ಕೊಡಬೇಕು ಅಂತ ನೋಡಿದ ಹಾಗಿತ್ತು ಅದು.

ಚಿನ್ನ ತೆಗೆದವನ ಮನೆಯಲ್ಲಿ ಗುಲಗಂಜಿ ಚಿನ್ನ ಇರಲಿಲ್ಲ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತೆ. ಆದರೆ ಇತ್ತು. ಎಲ್ಲರ ಹಾಗೆ ಚೀಟಿ ಹಾಕಿ, ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಕಂತಲ್ಲಿ ಓಲೆ, ಸರ ಮಾಡಿಸಿದ್ದರು. ಎಲ್ಲರ ಹಾಗೆ ಸ್ಕೂಲ್ ಫೀಸ್ ಕಟ್ಟುವ ತಿಂಗಳು ಅದನ್ನು ಮಾರ್ವಾಡಿ ಹತ್ತಿರ ಅಡ ಇಟ್ಟು, ಬಿಡಿಸಿ, ಮತ್ತೆ ಇಡುತ್ತಿದ್ದರು. ಗಣಿಯಲ್ಲಿ ಚಿನ್ನ ಕಣ್ಣಿಗೆ ಕಾಣೋದೇ ಅಪರೂಪ. ಕೊನೆಕೊನೆಗೆ ಒಂದು ಟನ್ ಅದಿರಿಗೆ 3 ಗ್ರಾಂ ಆಸುಪಾಸು ಸಿಗುತ್ತಿತ್ತು. ಪುಡಿ ಮಾಡಿ, ಸೈನೈಡ್‌ನಲ್ಲಿ ಕರಗಿಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣೇ ಇವತ್ತು ಊರ ಸುತ್ತ ನಿಂತಿರುವ ಸೈನೈಡ್ ಗುಡ್ಡಗಳು. ಗಾಳಿ ಎದ್ದರೆ ಅದರ ಧೂಳು ಒಣ ಹಾಕಿದ ಬಟ್ಟೆ ಮೇಲೆಲ್ಲ ಕೂರುತ್ತೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಜಾಗ. ತೆಗೆಯೋ ಖರ್ಚು ಬರೋ ಚಿನ್ನಕ್ಕಿಂತ ಜಾಸ್ತಿ ಅಂತ ಲೆಕ್ಕ. ಲೆಕ್ಕ ಸುಳ್ಳಲ್ಲ, ಮಾವನೂ ಒಪ್ಪುತ್ತಿದ್ದರು. ಪಂಪ್ ನಿಲ್ಲಿಸಿದರು, ಒಳಗೆಲ್ಲ ನೀರು ತುಂಬಿತು. ಅವರಿಗೆ ಹೊಟ್ಟೆ ಉರಿದದ್ದು ಅದಕ್ಕೆ. "ಮುಚ್ಚಲಿ, ಬೇಡ ಅನ್ನಲ್ಲ. ಒಳಗೆ ನಿಲ್ಸಿರೋ ಕಂಬ, ಕಲ್ಲು ಎಲ್ಲ ಚೆನ್ನಾಗಿತ್ತು. ನೀರು ಬಿಟ್ರಲ್ಲ" ಅಂತ ವರ್ಷಗಟ್ಟಲೆ ಅಂದರು. ಸಂಬಳ ಹೋದದ್ದರ ಬಗ್ಗೆ ಅಷ್ಟು ಅಂದಿದ್ದು ನಾನು ಕೇಳಿಲ್ಲ.

ಕೈಗೆ ಬಂದ ದುಡ್ಡು ಸಾಲಕ್ಕೆ, ಅಕ್ಕನ ಮಗಳ ಮದುವೆಗೆ ಹೋಯಿತು. 57ನೇ ವಯಸ್ಸಿಗೆ ಮಾವ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ಯೂರಿಟಿ ಗಾರ್ಡ್ ಆದರು. ಗಣಿಯ ಎಷ್ಟೋ ಜನ ಇದೇ ದಾರಿ ಹಿಡಿದರು. ಮಾರಿಕುಪ್ಪಂನಿಂದ ಕತ್ತಲಿರುವಾಗಲೇ ಹೊರಡುವ ರೈಲು ತುಂಬಿರೋದು ಈ ಜನರಿಂದ, ಇವರ ಮಕ್ಕಳಿಂದ.

ಮಾವ ನಿಜವಾಗಿ ಸೋತಂತೆ ಕಂಡದ್ದು ಆ ವರ್ಷಗಳಲ್ಲಿ. ಕೆಲಸ ಹಗುರ. ಗೇಟ್ ತೆಗೆಯೋದು, ಮುಚ್ಚೋದು, ಪುಸ್ತಕದಲ್ಲಿ ಗಾಡಿ ನಂಬರ್ ಬರೆಯೋದು. "ಸುಮ್ನೆ ಕೂತಿರೋಕೆ ಸಂಬಳ ಕೊಡ್ತಾರೆ ಮಾಪ್ಳೆ" ಅನ್ನುತ್ತಿದ್ದರು, ಬೈಗುಳದ ಥರ. ಪಕ್ಕದ ಸೈಟಿನಲ್ಲಿ ಪಾಯಕ್ಕೆ ಆಳವಾಗಿ ಅಗೆದಿದ್ದರು, ಪಕ್ಕಕ್ಕೆ ಏನೂ ಆನಿಸಿರಲಿಲ್ಲ. ಅಂಚಿಗೇ ಗಾರ್ಡ್‌ಗಳ ಶೆಡ್. ಮಾವ ಮ್ಯಾನೇಜರ್‌ಗೆ ಹೇಳಿದರು, ಕೇಳಲಿಲ್ಲ. ಇವರೇ ಕುರ್ಚಿ, ಟೇಬಲ್ ಎತ್ತಿ ಗೇಟಿನ ಆಚೆ ಇಟ್ಟರು. ಜೊತೆಯ ಹುಡುಗರನ್ನೂ ಆ ಕಡೆ ಕೂರೋಕೆ ಬಿಡಲಿಲ್ಲ. ಮಳೆ ಬಂತು, ಎಲ್ಲರೂ ನೆನೆದರು, ಬೈಸಿಕೊಂಡರು. ಆ ಮಣ್ಣು ಕುಸಿಯಲೂ ಇಲ್ಲ. ಹುಡುಗರು ಆಡಿಕೊಂಡರು. ಕುಸಿಯಲಿಲ್ಲ ಅಂದ ಮಾತ್ರಕ್ಕೆ ಕೂರಬಹುದಿತ್ತು ಅಂತಲ್ಲ ಅಂತ ಮಾವ ನನಗೆ ಹೇಳಿದರು. ಅವರಿಗೆ ಅದರಲ್ಲಿ ಸ್ವಲ್ಪವೂ ಅನುಮಾನವಿರಲಿಲ್ಲ.

ಕೆಮ್ಮು ಮುಂಚೆಯಿಂದಲೂ ಇತ್ತು, ಎಪ್ಪತ್ತರ ಹೊತ್ತಿಗೆ ಮೆಟ್ಟಿಲು ಹತ್ತೋದು ಕಷ್ಟವಾಯಿತು. ಒಂದು ಆಸ್ಪತ್ರೆಯಲ್ಲಿ ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ಎಲ್ಲಿ ಕೆಲಸ ಮಾಡಿದ್ದೀರಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಆಮೇಲೆ ಬೇರೆ ಕಡೆ ಎಕ್ಸ್‌ರೇ ನೋಡಿದ ಡಾಕ್ಟರು ಮೊದಲು ಕೇಳಿದ್ದೇ ಅದು. ಸಿಲಿಕೋಸಿಸ್. ಕಲ್ಲಿನ ನುಣ್ಣನೆ ಧೂಳು ಶ್ವಾಸಕೋಶದಲ್ಲಿ ಕೂತು, ಅಲ್ಲೆಲ್ಲ ಗಾಯದ ಕಲೆ ಕಟ್ಟುತ್ತೆ. ವಾಸಿಯಾಗಲ್ಲ. ಇದಿದ್ದವರಿಗೆ ಟಿಬಿ ಬರೋದೂ ಸುಲಭ, ಅದಕ್ಕೇ ಗೊಂದಲ. ಅಕ್ಕನ ಗಂಡನಿಗೆ ಆಗಿದ್ದೂ ಇದೇ ಇರಬೇಕು ಅಂದರು ಮಾವ. ಇಲ್ಲಿ ನಾನು ಕೆಲಸದ ಪ್ರೀತಿ ಅಂತ ಸಮಾಧಾನ ಹೇಳಿಕೊಳ್ಳಲ್ಲ. ಅವರಿಗೆ ಇಷ್ಟವಿದ್ದ ಕೆಲಸವೇ ಅವರ ಉಸಿರು ತಿಂದಿತು. ಎರಡೂ ನಿಜ.

ವರ್ಷಕ್ಕೊಮ್ಮೆ ಗುಡಿಯಾತ್ತಂನ ಗಂಗಮ್ಮನ ಸಿರಸು ಜಾತ್ರೆಗೆ ಹೋಗುತ್ತಿದ್ದರು. ಅಲ್ಲಿ ಇವರು 'ಕೋಲಾರ್‌ಕಾರರು'. ಇಲ್ಲಿ ರೇಷನ್ ಅಂಗಡಿಯಲ್ಲೂ "ನೀವು ತಮಿಳುನಾಡಾ?" ಅಂತ ಕೇಳುವವರಿದ್ದರು. ಬೇಜಾರಾಗಲ್ವಾ ಮಾವ ಅಂದೆ. "ಒಂದು ಲಾಭ ಇದೆ ಮಾಪ್ಳೆ. ಎರಡೂ ಕಡೆ ಪಂಚಾಯ್ತಿಗೆ ಕರೆಯಲ್ಲ."

ಅವರು ಹೋದದ್ದು 78ನೇ ವಯಸ್ಸಿಗೆ. ಹದಿನಾರನೇ ದಿನದ ಊಟಕ್ಕೆ ಗಣಿಯ ಹಳೇ ಗ್ಯಾಂಗಿನವರು ನಾಲ್ಕು ಜನ ಬಂದರು. ಬಾಕಿ ನೆಂಟರೆಲ್ಲ ಒಳ್ಳೆಯವರು, ದೇವರಂಥವರು ಅಂತ ಹೇಳುತ್ತಾ ಇದ್ದರು. ಈ ನಾಲ್ವರು ಶಾಮಿಯಾನದ ಕೆಳಗೆ ಕೂತು ಮಾವನನ್ನು ಬೈಯೋಕೆ ಶುರು ಮಾಡಿದರು.

"ಬಹಳ ನಿಧಾನ ಅವನು" ಅಂದರು ಒಬ್ಬರು. "ಒಂದು ಬೆಣೆಗೆ ಅರ್ಧ ಗಂಟೆ. ತೆಗಿತಿದ್ದ, ಹೊಡಿತಿದ್ದ, ಮತ್ತೆ ತೆಗಿತಿದ್ದ. ನಮ್ಮ ಬೋನಸ್ಸೆಲ್ಲ ಅವನಿಂದಲೇ ಹೋಗ್ತಾ ಇದ್ದದ್ದು."

"ಹಾಗಾದ್ರೆ ಬೇರೆ ಗ್ಯಾಂಗಿಗೆ ಹೋಗಬಹುದಿತ್ತಲ್ವಾ?" ಅಂದೆ ನಾನು.

ಆ ಮನುಷ್ಯ ನನ್ನನ್ನು ಏನೂ ತಿಳಿಯದವನ ಥರ ನೋಡಿದರು. "ಯಾರು ಹೋಗ್ತಾರೆ?" ಅಂದರು. ಪಕ್ಕದಲ್ಲಿದ್ದವರು ಮಧ್ಯೆ ಬಾಯಿ ಹಾಕಿ, ಅರ್ಧ ಗಂಟೆ ಹಿಡಿದ ಆ ಬೆಣೆ ಯಾವ ಲೆವೆಲ್‌ನಲ್ಲಿ ಹೊಡೆದದ್ದು ಅಂತ ತೆಗೆದರು. ಇವರು ಒಂದು ನಂಬರ್ ಹೇಳಿದರು, ಅವರು ಒಂದು ನಂಬರ್ ಹೇಳಿದರು. ಇನ್ನಿಬ್ಬರೂ ಸೇರಿಕೊಂಡರು. ದನಿ ಏರಿತು. ಅತ್ತೆ ಅಡುಗೆ ಕಡೆಯಿಂದ ಬಂದು "ಇಲ್ಲಾದ್ರೂ ಜಗಳ ನಿಲ್ಸಿ, ಊಟ ಆರಿ ಹೋಗ್ತಾ ಇದೆ" ಅಂತ ನಾಲ್ಕೂ ಜನರಿಗೆ ಬೈದು ಎಲೆ ಹಾಕಿಸಿದರು.